ಜೀವಂಧರನ ಮೂರು ಮಂತ್ರಗಳು

೧

ಮಂತ್ರಶಕ್ತಿ, ಮಾಯಾಯಂತ್ರ ಮೊದಲಾದ ಅದ್ಭುತಗಳಿಂದ ಕೂಡಿ, ಯಾರೂ ಗಣನೆಗೆ ತಾರದ ಬಾಲಕನೊಬ್ಬನನ್ನು ನಾಯಕನನ್ನಾಗಿ ಉಳ್ಳ ಕಥೆಗಳು ಈಗಿನ ತರುಣವಾಚಕರಿಗೆ ಅತ್ಯಂತ ಪ್ರಿಯವಾಗಿರುವುವು. ಕ್ರಿ. ಶ. ೧೯೯೭ರಲ್ಲಿ ಲಂಡನ್ ನಗರದಲ್ಲಿ ಮೊದಲಾಗಿ ೨೦೦೭ರಲ್ಲಿ ಏಳನೆಯ ಸಂಪುಟದೊಡನೆ ಮುಗಿದ, ಜೆ. ಕೆ. ರೌಲಿಂಗ್ ಎಂಬ ಲೇಖಿಕೆಯ ಹ್ಯಾರಿ ಪಾಟರನ ಕಥೆಯು ಇವುಗಳಲ್ಲಿ ಸುಪ್ರಸಿದ್ಧವಾದುದು. ಶೈಶವದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಹುಡುಗನು ತಾಯಿಯ ಸೋದರಿಯ ಮನೆಯಲ್ಲಿ ಮೆಟ್ಟಿಲ ಕೆಳಗಣ ಗೂಡಿನಲ್ಲಿ ಮಲಗುತ್ತ ಬೆಳೆದು, ಹನ್ನೊಂದನೆಯ ವರ್ಷದಲ್ಲಿ ತಾನು ಮಾಂತ್ರಿಕರ ಮಗನೆಂಬುದನ್ನು ಅರಿಯುವನು. ನಮ್ಮ ಮನೆಯಲ್ಲಿರುವ ತಮ್ಮನ ಮಗನು ಈ ಸಂಪುಟಗಳನ್ನು ಊಟನಿದ್ರೆಗಳನ್ನು ಮರೆತು ಓದಿ ಮುಗಿಸಿ, "ದೊಡ್ಡಪ್ಪ, ನಮ್ಮಲ್ಲಿ ಇಂತಹ ಕಥೆ ಇಲ್ಲವೆ?" ಎಂದು ಕೇಳಿದನು. "ಇದೆ, ಜೀವಂಧರನ ಕಥೆಯನ್ನು ಓದು" ಎಂದು ಥಟ್ಟನೆ ಹೇಳಿಬಿಟ್ಟೆನು. ಹೇಳಿದ ಮೇಲೆ ನನಗೇ ಸಂಕೋಚವಾಯಿತು. ಏಕೆಂದರೆ ಆ ಕಥೆಯನ್ನು ನಾನು ಕಥೆಯೆಂದು ಎಂದೂ ಓದಿದವನಲ್ಲ.

ನಾನು ಪಾಠಶಾಲೆಯಲ್ಲಿದ್ದಾಗ ಅಧ್ಯಾಪಕರೊಬ್ಬರು ವಾದೀಭಸಿಂಹನ ಕ್ಷತ್ರಚೂಡಾಮಣಿಯ ಶ್ಲೋಕಗಳನ್ನು ನಮ್ಮಿಂದ ಕಂಠಪಾಠಮಾಡಿಸಿದ್ದರು. ಆ ಗ್ರಂಥದ ರಚನೆಯೇ ವಿಶಿಷ್ಟವಾದುದು. ಪ್ರಾಯಶಃ ಪ್ರತಿಯೊಂದು ಅನುಷ್ಟುಪ್ಪಿನ ಪೂರ್ವಾರ್ಧವು ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸುವುದು, ಉತ್ತರಾರ್ಧವು ಅದಕ್ಕೆ ಒಪ್ಪುವ ನೀತಿಯೊಂದನ್ನು ಅರ್ಥಾಂತರನ್ಯಾಸರೂಪವಾಗಿ ಹೇಳುವುದು. ನಮಗೆ ಕಲಿಸಿದುದು ಉತ್ತರಾರ್ಧಗಳನ್ನು ಮಾತ್ರ. ಪೂರ್ವಾರ್ಧದಲ್ಲಿ ಬರುವ ಯಂತ್ರಮಯೂರ, ಯಕ್ಷ, ವಿದ್ಯಾಧರ, ಮಂತ್ರ ಇವೆಲ್ಲವೂ ಬಾಲಮನೋರಂಜನೆಯ ಹೊಟ್ಟು, ನೀತಿಯೇ ಕಾಳು ಎಂಬುದು ಅಧ್ಯಾಪಕರ ಮತವಾಗಿದ್ದಿತು. ಬಹುಮಂದಿ ವಿಮರ್ಶಕರೂ ಇದೇ ಭಾವದಿಂದ ಈ ಕಥೆಯನ್ನು ಕಂಡಿರುವರು. ಹುಡುಗನ ಪ್ರಶ್ನೆಯ ನಿಮಿತ್ತದಿಂದ ಪೂರ್ವಾರ್ಧಗಳನ್ನು ಮೊದಲ ಬಾರಿಗೆ ಮನಸ್ಸಿಟ್ಟು ಓದಿದಾಗ ಈ ಮತವು ಸರಿಯಲ್ಲವೆಂದು ನನಗೆ ತೋರಿತು. ಈ ಕಥೆಯ ಅದ್ಭುತಭಾಗವೇ ಇದರ ಬೆನ್ನೆಲುಬು ಎಂಬುದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಕಥೆಯನ್ನರಿಯದ ವಾಚಕರ ಸೌಕರ್ಯಕ್ಕಾಗಿ ಅದನ್ನು ಕ್ಷತ್ರಚೂಡಾಮಣಿಯನ್ನು ಅನುಸರಿಸಿ ಸಂಕ್ಷೇಪವಾಗಿ ಹೇಳುವೆನು. ಹೇಮಾಂಗದ ದೇಶದ ರಾಜಪುರಿಯಲ್ಲಿ ಸತ್ಯಂಧರನೆಂಬ ಅರಸನು ರಾಣಿ ವಿಜಯೆಯಲ್ಲಿ ಅತ್ಯಾಸಕ್ತನಾಗಿ, ರಾಜ್ಯಭಾರವನ್ನು ಕಾಷ್ಠಾಂಗಾರನೆಂಬ ಮಂತ್ರಿಗೆ ಒಪ್ಪಿಸಿದನು. ರಾಣಿಯು ಕಂಡ ದುಃಸ್ವಪ್ನದಿಂದ ತನ್ನ ನಾಶವನ್ನು ಊಹಿಸಿದ ಅರಸನು ಶಿಲ್ಪಿಯಿಂದ ಆಕಾಶಗಾಮಿಯಾದ ನವಿಲಿನ ಯಂತ್ರವೊಂದನ್ನು ಮಾಡಿಸಿದನು. ಮಂತ್ರಿಯು ದ್ರೋಹಬಗೆದು ಸೇನೆಯೊಡನೆ ಮುತ್ತಿದಾಗ ಗರ್ಭಿಣಿಯಾದ ರಾಣಿಯನ್ನು ಆ ಯಂತ್ರದಲ್ಲಿ ಕಳುಹಿಸಿ ತಾನು ಯುದ್ಧದಲ್ಲಿ ಮಡಿದನು. ಯಂತ್ರವು ಊರ ಹೊರಗಣ ಶ್ಮಶಾನದಲ್ಲಿ ಇಳಿಯಿತು. ರಾಜಪುತ್ರನು ಹುಟ್ಟಿದುದು ಅಲ್ಲಿಯೇ.

ಅದೇ ರಾತ್ರಿ ಗಂಧೋತ್ಕಟನೆಂಬ ವೈಶ್ಯನು ತನ್ನ ಸತ್ತ ಶಿಶುವನ್ನು ಹೂಳಲು ಅಲ್ಲಿಗೆ ಬಂದನು. ಮುನಿವಚನವನ್ನು ನೆನೆದು ಹುಡುಕುತ್ತಿದ್ದ ಅವನಿಗೆ ರಾಜಮುದ್ರಿಕೆಯೊಡನೆ ಜೀವಂತವಾದ ಶಿಶುವು ದೊರೆಯಿತು. ಎತ್ತಿಕೊಂಡ ಕ್ಷಣದಲ್ಲಿ ಕೇಳಿಬಂದ "ಜೀವ" ಎಂಬ ಆಶೀರ್ವಾದವೇ ಮಗುವಿನ ಹೆಸರಿಗೆ ಮೂಲವಾಯಿತು. ಹೀಗೆ ಒಂದು ಹೆಣದ ಸ್ಥಾನದಲ್ಲಿ ಮನೆಯನ್ನು ಹೊಕ್ಕ ಬಾಲಕನು ಸೆಟ್ಟಿಯ ಮಗನೆಂದೇ ಲೋಕಪ್ರಸಿದ್ಧನಾಗಿ, ತನ್ನ ತಂದೆಯನ್ನು ಕೊಂದವನ ಪ್ರಜೆಯಾಗಿ ಬೆಳೆದನು. ತಾಯಿಯು ದಂಡಕಾರಣ್ಯದ ತಾಪಸಾಶ್ರಮದಲ್ಲಿ ಅಡಗಿದಳು. ಮುಂದೆ ಆತನು ಆರ್ಯನಂದಿಯೆಂಬ ಗುರುವಿನಿಂದ ವಿದ್ಯೆಗಳನ್ನು ಕಲಿತು, ಬೇಡರು ಹಿಡಿದೊಯ್ದ ಗೋವುಗಳನ್ನು ಬಿಡಿಸಿ, ವೀಣಾಸ್ಪರ್ಧೆಯಲ್ಲಿ ವಿದ್ಯಾಧರರಾಜನ ಮಗಳಾದ ಗಂಧರ್ವದತ್ತೆಯನ್ನು ಗೆದ್ದು, ದೇಶಾಂತರಗಳಲ್ಲಿ ಅಲೆದು, ಎಂಟು ಮಂದಿ ಕನ್ಯೆಯರನ್ನು ವರಿಸಿ, ಕಡೆಯಲ್ಲಿ ಸೋದರಮಾವನ ಸಹಾಯದಿಂದ ಕಾಷ್ಠಾಂಗಾರನನ್ನು ಕೊಂದು ರಾಜ್ಯವನ್ನು ಪಡೆದನು. ಅನಂತರ ವಿರಕ್ತನಾಗಿ ವರ್ಧಮಾನಸ್ವಾಮಿಯ ಸನ್ನಿಧಿಯಲ್ಲಿ ದೀಕ್ಷೆಯನ್ನು ಕೈಕೊಂಡನು.

೩

ಈ ಕಥೆಯು ನಮ್ಮ ದೇಶಕ್ಕೆ ಹೊರಗಿನದಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಇದು ವಿಸ್ತಾರವಾಗಿ ಬಂದಿರುವುದು. ಆ ಗ್ರಂಥಕ್ಕೆ ಪೂಜೆ ನಡೆದುದು ಶಕವರ್ಷ ೮೨೦ರಲ್ಲಿ, ಎಂದರೆ ಕ್ರಿ. ಶ. ೮೯೭ರಲ್ಲಿ, ರಾಷ್ಟ್ರಕೂಟರ ಸಾಮಂತನಾದ ಲೋಕಾದಿತ್ಯನ ಬಂಕಾಪುರದಲ್ಲಿ ಎಂದು ಅದರ ಪ್ರಶಸ್ತಿಯೇ ಹೇಳುವುದು. ಕ್ಷತ್ರಚೂಡಾಮಣಿಯನ್ನೂ ಗದ್ಯಚಿಂತಾಮಣಿಯನ್ನೂ ರಚಿಸಿದ ವಾದೀಭಸಿಂಹನು ಪುಷ್ಪಸೇನಮುನಿಯ ಶಿಷ್ಯನು. ಆತನ ನಿಜನಾಮವು ಒಡೆಯದೇವ ಎಂದಿರುವುದರಿಂದ ದಾಕ್ಷಿಣಾತ್ಯನೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆತನ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಶ್ರವಣಬೆಳಗೊಳದ ಕ್ರಿ. ಶ. ೧೧೨೯ರ ಮಲ್ಲಿಷೇಣಪ್ರಶಸ್ತಿಯಲ್ಲಿ ಅಜಿತಸೇನನೆಂಬ ಆಚಾರ್ಯನಿಗೆ ವಾದೀಭಸಿಂಹನೆಂಬ ಬಿರುದು ಕಾಣುವುದರಿಂದ ಕೆಲವರು ಇವರಿಬ್ಬರನ್ನೂ ಒಬ್ಬನೆಂದು ಎಣಿಸುವರು. ಮತ್ತೆ ಕೆಲವರು ಕವಿಯನ್ನು ಅದಕ್ಕಿಂತ ಬಹಳ ಹಿಂದಕ್ಕೆ ಒಯ್ಯುವರು. ಪ್ರಕೃತ ವಿಚಾರಕ್ಕೆ ಆ ನಿರ್ಣಯವು ಅವಶ್ಯವಲ್ಲ.

ತಮಿಳಿನಲ್ಲಿ ತಿರುತ್ತಕ್ಕದೇವನ ಜೀವಕಚಿಂತಾಮಣಿಯು ಪಂಚಮಹಾಕಾವ್ಯಗಳಲ್ಲಿ ಒಂದು. ಚೋಳರಾಜನು ಈ ಜೈನಕಾವ್ಯದಲ್ಲಿ ಮೈಮರೆತಿರುವುದನ್ನು ಕಂಡು, ಅವನ ಮನಸ್ಸನ್ನು ತಿರುಗಿಸುವುದಕ್ಕಾಗಿಯೇ ಸೇಕ್ಕಿಳಾರನು ಶಿವಭಕ್ತರ ಪುರಾಣವನ್ನು ರಚಿಸಿದನೆಂಬ ಐತಿಹ್ಯವುಂಟು. ಕಥೆಯ ಆಕರ್ಷಣೆಯು ಎಷ್ಟೆಂಬುದಕ್ಕೆ ಪ್ರತಿಪಕ್ಷದವರ ಈ ಸಾಕ್ಷ್ಯವೇ ಸಾಕು. ಕಾಲಾಂತರದಲ್ಲಿ ಇದರ ಪಾಠಪರಂಪರೆಯು ಜೈನರಲ್ಲಿ ಮಾತ್ರ ಉಳಿದಿದ್ದಿತು. ಕುಂಭಕೋಣದ ಉ. ವೇ. ಸ್ವಾಮಿನಾಥಯ್ಯನವರು ಆ ಊರಿನ ಜೈನರ ಬಳಿಯಲ್ಲಿ ಅರ್ಥವನ್ನು ಕೇಳಿ ತಿಳಿದು, ೧೮೮೭ರಲ್ಲಿ ಅದನ್ನು ಅಚ್ಚುಹಾಕಿಸಿದರು. ಕನ್ನಡದಲ್ಲಿ ಪೆನುಗೊಂಡೆಯ ಭಾಸ್ಕರನು ಕ್ರಿ. ಶ. ೧೪೨೪ರಲ್ಲಿ ವಾದೀಭಸಿಂಹನನ್ನು ಅನುಸರಿಸಿ ಜೀವಂಧರಚರಿತೆಯನ್ನು ಭಾಮಿನೀಷಟ್ಪದಿಯಲ್ಲಿ ಬರೆದನು. ಅದೇ ಶತಮಾನದಲ್ಲಿ ತೆರಕಣಾಂಬಿಯ ಬೊಮ್ಮರಸನು ಇದನ್ನು ಸಾಂಗತ್ಯದಲ್ಲಿ ಹಾಡಿದನು. ಸಂಸ್ಕೃತದ ಪಂಡಿತನಿಂದ ಷಟ್ಪದಿಯ ವಾಚಕನಿಗೂ, ಅಲ್ಲಿಂದ ಸಾಂಗತ್ಯವನ್ನು ಕೇಳುವ ಮನೆಯವರಿಗೂ ಈ ಬಾಲಕನು ಇಳಿದುಬಂದನೆಂದು ಇದರಿಂದ ತಿಳಿಯುವುದು.

ಇನ್ನು ಕಥೆಯ ಮೂಲವನ್ನು ಕುರಿತು. ವೀಣಾಸ್ಪರ್ಧೆಯಿಂದ ಗೆಲ್ಲಬೇಕಾದ ಗಂಧರ್ವದತ್ತೆಯು ಜೈನಕವಿಗಳ ಸೃಷ್ಟಿಯಲ್ಲ. ಬುಧಸ್ವಾಮಿಯ ಬೃಹತ್ಕಥಾಶ್ಲೋಕಸಂಗ್ರಹದಲ್ಲಿ ಆಕೆಯು ಚಂಪಾನಗರದ ಸಾನುದಾಸನೆಂಬ ವಣಿಜನ ಮನೆಯಲ್ಲಿರುವಳು. ಅವಳನ್ನು ವೀಣೆಯಿಂದ ಗೆಲ್ಲುವವನು ವತ್ಸರಾಜನ ಮಗನಾದ ನರವಾಹನದತ್ತ. ಸಂಘದಾಸಗಣಿಯ ಪ್ರಾಕೃತಗ್ರಂಥವಾದ ವಸುದೇವಹಿಂಡಿಯಲ್ಲಿ ಅದೇ ಚಂಪೆ, ಅದೇ ವೀಣೆ, ಅದೇ ಹೆಸರಿನ ಕನ್ಯೆ. ಗೆಲ್ಲುವವನು ಮಾತ್ರ ವಸುದೇವ. ಇದು ಗುಣಾಢ್ಯನ ನಷ್ಟವಾದ ಬೃಹತ್ಕಥೆಯ ರೂಪಾಂತರವೆಂದು ಜರ್ಮನ್ ವಿದ್ವಾಂಸನಾದ ಆಲ್ಸ್‌ಡೋರ್ಫನು ತೋರಿಸಿಕೊಟ್ಟಿರುವನು. ಜೀವಂಧರಕಥೆಯಲ್ಲಿಯೂ ಹಡಗು ಮುಳುಗಿತೆಂದು ಕಂಗೆಟ್ಟ ಶ್ರೀದತ್ತನೆಂಬ ವಣಿಜನೇ ಗಂಧರ್ವದತ್ತೆಯನ್ನು ವಿದ್ಯಾಧರಲೋಕದಿಂದ ರಾಜಪುರಿಗೆ ಕರೆತರುವನು. ಆದುದರಿಂದ ಬೃಹತ್ಕಥೆಯ ಋಣವು ಸ್ಪಷ್ಟವಾಗಿರುವುದು. ಗಂಗರಾಜನಾದ ದುರ್ವಿನೀತನು "ವಡ್ಡಕಥೆ"ಯನ್ನು ದೇವಭಾರತಿಯಲ್ಲಿ, ಎಂದರೆ ಸಂಸ್ಕೃತದಲ್ಲಿ, ನಿಬಂಧಿಸಿದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುವುದರಿಂದ, ಆ ಕಥಾಸಾಗರವು ಕನ್ನಡನಾಡಿಗೆ ಪೂರ್ವಕಾಲದಲ್ಲಿಯೇ ಪರಿಚಿತವಾಗಿದ್ದಿತೆಂದು ತಿಳಿಯಬಹುದು.

ಆದರೆ ಋಣವನ್ನು ಒಪ್ಪಿದ ಮಾತ್ರಕ್ಕೆ ವಿಚಾರವು ಮುಗಿಯುವುದಿಲ್ಲ. ಸಾಲ ತಂದ ಬಂಗಾರದಿಂದ ಯಾವ ಆಭರಣವನ್ನು ಮಾಡಿದರೆಂಬುದನ್ನು ನೋಡಬೇಕು. ನರವಾಹನದತ್ತನು ಅರಮನೆಯಲ್ಲಿ ಹುಟ್ಟಿದವನು, ವಿದ್ಯಾಧರರಿಗೆಲ್ಲ ಚಕ್ರವರ್ತಿಯಾಗುವನೆಂಬ ದೈವವಾಣಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದವನು. ಅವನಿಗೆ ವಿದ್ಯೆಗಳು ಕಪ್ಪಕಾಣಿಕೆಗಳಂತೆ ಬಂದು ಸೇರುವುವು. ಜೀವಂಧರನೋ ಶ್ಮಶಾನದಲ್ಲಿ ಹುಟ್ಟಿದವನು, ಕಡೆಯವರೆಗೂ ಭೂಮಿಯ ಮೇಲೆ ಕಾಲ್ನಡಿಗೆಯಿಂದ ಅಲೆಯುವ ಮನುಷ್ಯನು. ಆಕಾಶದಲ್ಲಿ ಸಂಚರಿಸುವ ವಿದ್ಯೆಯು ಅವನ ಹೆಂಡತಿಗೆ ಉಂಟು, ಅವನಿಗಿಲ್ಲ. ಸೆಟ್ಟಿಯ ಮಗನು ವಿದ್ಯಾಧರಕನ್ಯೆಯನ್ನು ಗೆದ್ದನೆಂದು ಸಭೆಯಲ್ಲಿದ್ದ ರಾಜಪುತ್ರರು ಕಾಷ್ಠಾಂಗಾರನ ಪ್ರೇರಣೆಯಿಂದ ಕತ್ತಿ ಹಿರಿದರೆಂಬ ಪ್ರಸಂಗವು ಈ ಭೇದವನ್ನು ಸಾರಿ ಹೇಳುವುದು. ಚಕ್ರವರ್ತಿಯ ಕಥೆಯನ್ನು ತೆಗೆದುಕೊಂಡು ಅನಾಥನ ಕಥೆಯನ್ನಾಗಿ ಮಾಡಿದುದೇ ನಮ್ಮ ಕವಿಗಳ ಅಪೂರ್ವತೆ.

೪

ಇಂತಹ ಬಾಲಕನಿಗೆ ಶಕ್ತಿಯು ಎಲ್ಲಿಂದ ಬರಬೇಕು? ಕಥೆಯು ಇದಕ್ಕೆ ಎರಡು ಉತ್ತರಗಳನ್ನು ಕೊಡುವುದು. ಮೊದಲನೆಯದು ಗುರು, ಎರಡನೆಯದು ನಾಯಿ.

ಆರ್ಯನಂದಿಯು ಪೂರ್ವದಲ್ಲಿ ವಿದ್ಯಾಧರರಾಜನಾಗಿದ್ದು ತಪಸ್ಸನ್ನು ಕೈಕೊಂಡವನು. ಭಸ್ಮಕವೆಂಬ ರೋಗವು, ಎಂದರೆ ಎಷ್ಟು ತಿಂದರೂ ಅಡಗದ ಹಸಿವು, ಅವನನ್ನು ಪೀಡಿಸಿದುದರಿಂದ ತಪಸ್ಸನ್ನು ಬಿಟ್ಟು ವೇಷಧಾರಿಯಾಗಿ ಭಿಕ್ಷೆ ಬೇಡುತ್ತಿದ್ದನು. ಗಂಧೋತ್ಕಟನ ಮನೆಯಲ್ಲಿ ಮಾಡಿದ ಅಡಿಗೆಯೆಲ್ಲವೂ ಅವನಿಗೆ ಸಾಲದೆ ಹೋಯಿತು. ಆಗ ಊಟಕ್ಕೆ ಕುಳಿತಿದ್ದ ಬಾಲಕನು ತನ್ನ ಕೈತುತ್ತನ್ನು ಅವನಿಗೆ ಇತ್ತನು. ಹಸಿವು ಅಡಗಿತು. ಆ ಉಪಕಾರಕ್ಕೆ ಪ್ರತಿಯಾಗಿ ಅವನು ಬಾಲಕನಿಗೆ ಸಕಲವಿದ್ಯೆಗಳನ್ನು ಕಲಿಸಿದನು. ಗುಣಭದ್ರರು ಈ ಎಡೆಯಲ್ಲಿ ಬಾಲಕನ ಮಾತಿನ ಚಾತುರ್ಯವನ್ನೂ ಬಣ್ಣಿಸಿರುವರು. ಊರು ಎಷ್ಟು ದೂರವೆಂದು ತಾಪಸನು ಕೇಳಲು, ಆಡುವ ಹುಡುಗರನ್ನು ಕಂಡ ಮೇಲೆ ಊರು ಹತ್ತಿರವೆಂದು ಊಹಿಸಲಾರೆಯಾ, ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದಿಲ್ಲವೆ, ಎಂಬ ಭಾವದ ಉತ್ತರವು ಬರುವುದು. ಧೂಮದಿಂದ ಅಗ್ನಿಯನ್ನು ಸಾಧಿಸುವ ಅನುಮಾನವನ್ನು ತರ್ಕಸಂಗ್ರಹದಲ್ಲಿ ವರ್ಷಗಟ್ಟಲೆ ಉರುಹೊಡೆದ ನಮ್ಮಂತಹವರಿಗೆ, ಬೀದಿಯಲ್ಲಿ ಆಡುವ ಹುಡುಗನ ಬಾಯಿಂದ ಅದನ್ನು ಕೇಳಿ ನಗು ಬಾರದಿರದು.

ವಿದ್ಯಾಭ್ಯಾಸವು ಮುಗಿದ ಮೇಲೆ ಗುರುವು ಶಿಷ್ಯನ ಜನ್ಮವೃತ್ತಾಂತವನ್ನು ತಿಳಿಸಿದನು. ಜೀವಂಧರನು ಕೋಪದಿಂದ ಉರಿದೆದ್ದು ಕಾಷ್ಠಾಂಗಾರನನ್ನು ಕೊಲ್ಲಲು ಹೊರಟನು. ಇಲ್ಲಿ ಗುರುವು ಮಾಡಿದುದೇನು? ಅಸ್ತ್ರವನ್ನು ಕೊಡಲಿಲ್ಲ, ಆಶೀರ್ವಾದವನ್ನೂ ಕೊಡಲಿಲ್ಲ. ಒಂದು ವರ್ಷಕಾಲ ಸೈರಿಸಬೇಕೆಂದೂ, ಅದೇ ತನಗೆ ಸಲ್ಲಬೇಕಾದ ಗುರುದಕ್ಷಿಣೆಯೆಂದೂ ಕೇಳಿದನು. ಗುರುದಕ್ಷಿಣೆಯ ಕಥೆಗಳು ನಮ್ಮಲ್ಲಿ ಹಲವಿರುವುವು. ಹೆಬ್ಬೆರಳನ್ನು ಕೇಳಿದ ಗುರುವುಂಟು, ಕುಂಡಲಗಳನ್ನು ತರಹೇಳಿದ ಗುರುಪತ್ನಿಯುಂಟು. ಶಿಷ್ಯನ ಕೋಪವನ್ನೇ ದಕ್ಷಿಣೆಯಾಗಿ ಬೇಡಿದವನು ಈ ಆರ್ಯನಂದಿ.

ಈ ಮಾತು ಕಥೆಯಲ್ಲಿ ಅಲಂಕಾರಮಾತ್ರವಾಗಿ ನಿಂತಿಲ್ಲ. ಮದವೇರಿದ ರಾಜಗಜದಿಂದ ಗುಣಮಾಲೆಯೆಂಬ ಕನ್ಯೆಯನ್ನು ಬಿಡಿಸಿದ ಕಾರಣಕ್ಕಾಗಿ ಕಾಷ್ಠಾಂಗಾರನು ಜೀವಂಧರನನ್ನು ಹಿಡಿದು ಕೊಲ್ಲಿಸಲು ಸೇನೆಯನ್ನು ಕಳುಹಿಸಿದಾಗ, ತನ್ನ ಶತ್ರುವನ್ನು ಕೊಲ್ಲುವ ಸಾಮರ್ಥ್ಯವು ಅವನಿಗಿದ್ದಿತು. ಸಾಕುತಂದೆಯು ತಡೆದನು, ಗುರುವಿನ ಮಾತು ಕಟ್ಟಿಹಾಕಿತು. ಗಂಧೋತ್ಕಟನೇ ಅವನ ಕೈಗಳನ್ನು ಹಿಂದಕ್ಕೆ ಕಟ್ಟಿ ಒಪ್ಪಿಸಿದನು. ವಧ್ಯನಾಗಿ ನಿಂತ ಆ ಕ್ಷಣದಲ್ಲಿಯೇ ಕಥೆಯ ಎರಡನೆಯ ಅದ್ಭುತವು ಪ್ರವೇಶಿಸುವುದು.

೫

ಇದಕ್ಕೆ ಪೂರ್ವದಲ್ಲಿ ವಸಂತೋತ್ಸವದ ದಿನ, ಯಾಗದ ಹವಿಸ್ಸನ್ನು ಮುಟ್ಟಿದ ನಾಯಿಯೊಂದನ್ನು ಬ್ರಾಹ್ಮಣರು ಹೊಡೆದು ಕೆಡಹಿದ್ದರು. ಪ್ರಸಂಗವು ವೈದಿಕರಿಗೆ ಹಿತವಾದುದಲ್ಲ. ಕವಿಯು ಮತಾಭಿಮಾನದಿಂದ ಇದನ್ನು ಹೆಣೆದಿರಬಹುದೆಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ನೋಡಬೇಕಾದುದು ಜೀವಂಧರನ ನಡತೆಯನ್ನು. ಬದುಕಿಸಲು ಸಾಧ್ಯವಿಲ್ಲವೆಂದು ಕಂಡು, ಸಾಯುತ್ತಿರುವ ಆ ಪ್ರಾಣಿಯ ಕಿವಿಯಲ್ಲಿ ಅವನು ಪಂಚನಮಸ್ಕಾರಮಂತ್ರವನ್ನು ಉಚ್ಚರಿಸಿದನು. ಆ ನಾಯಿಯು ಸುದರ್ಶನನೆಂಬ ಯಕ್ಷೇಂದ್ರನಾಗಿ ಹುಟ್ಟಿ, ಒಡನೆಯೇ ಬಂದು ಕೃತಜ್ಞತೆಯನ್ನು ಸಲ್ಲಿಸಿತು. ವಧಸ್ಥಾನದಿಂದ ಜೀವಂಧರನನ್ನು ಎತ್ತಿಕೊಂಡು ಚಂದ್ರೋದಯಪರ್ವತಕ್ಕೆ ಒಯ್ದವನು ಈ ಯಕ್ಷನೇ. ಅಲ್ಲಿ ಅವನು ತನ್ನ ಉಪಕಾರಿಗೆ ಮೂರು ಮಂತ್ರಗಳನ್ನು ಉಪದೇಶಿಸಿದನು. ಬೇಕಾದ ರೂಪವನ್ನು ಧರಿಸುವುದು ಒಂದು, ಮನೋಹರವಾಗಿ ಹಾಡುವುದು ಒಂದು, ವಿಷವನ್ನು ಇಳಿಸುವುದು ಒಂದು.

ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕೆಂದು ಪ್ರಾರ್ಥಿಸುವೆನು. ರಾಜ್ಯವನ್ನು ಕಳೆದುಕೊಂಡವನಿಗೆ, ಶತ್ರುವಿನ ಕತ್ತಿಯ ಕೆಳಗಿನಿಂದ ಈಗ ತಾನೇ ಪಾರಾದವನಿಗೆ, ದೇವಯೋನಿಯೊಬ್ಬನು ಕೊಡುವ ಮೂರು ಮಂತ್ರಗಳಲ್ಲಿ ಒಂದಾದರೂ ಆಯುಧವಲ್ಲ. ಆಗ್ನೇಯಾಸ್ತ್ರವಿಲ್ಲ, ಮೋಹನಾಸ್ತ್ರವಿಲ್ಲ, ಶತ್ರುಮಾರಣವಿಲ್ಲ. ಬೃಹತ್ಕಥಾಪರಂಪರೆಯಲ್ಲಿ ವಿದ್ಯಾಧರರ ವಿದ್ಯೆಗಳು ಯುದ್ಧಗಳನ್ನು ಗೆಲ್ಲುವುವು, ಸಾಮ್ರಾಜ್ಯವನ್ನು ಸಂಪಾದಿಸುವುವು. ಆ ಪರಂಪರೆಯಿಂದಲೇ ಕಥೆಯನ್ನು ಪಡೆದ ಕವಿಯು ಈ ವಿಷಯದಲ್ಲಿ ಮಾತ್ರ ಬೇರೆ ದಾರಿಯನ್ನು ಹಿಡಿದಿರುವನು. ಇದು ಆಕಸ್ಮಿಕವೆಂದು ನಾನು ನಂಬಲಾರೆನು. ಏಕೆಂದರೆ ಈ ಮಂತ್ರಗಳ ವಿನಿಯೋಗವೂ ಹಾಗೆಯೇ ಇರುವುದು. ಯಕ್ಷನಿಂದ ಬೀಳ್ಕೊಂಡು ಹೊರಟ ಜೀವಂಧರನು ಮೊದಲು ಕಂಡುದು ಕಾಡುಗಿಚ್ಚಿನಲ್ಲಿ ಸಿಕ್ಕಿದ ಆನೆಗಳ ಹಿಂಡನ್ನು. ಯಕ್ಷನನ್ನು ನೆನೆದು ಮಳೆಯನ್ನು ತರಿಸಿ ಅವುಗಳನ್ನು ಉಳಿಸಿದನು. ಅನಂತರ ಚಂದ್ರಾಭಾನಗರದಲ್ಲಿ ಹಾವು ಕಚ್ಚಿ ಮೂರ್ಛಿತೆಯಾಗಿದ್ದ ಪದ್ಮೆಯೆಂಬ ಕನ್ಯೆಯ ವಿಷವನ್ನು ಇಳಿಸಿದನು. ಕಾಷ್ಠಾಂಗಾರನೊಡನೆ ಕಡೆಯ ಯುದ್ಧವು ಒದಗಿದಾಗ ಮಂತ್ರವನ್ನು ನೆನೆಯಲಿಲ್ಲ. ಬಾಣದಿಂದ ವರಾಹಯಂತ್ರವನ್ನು ಭೇದಿಸಿ ಕ್ಷತ್ರಿಯತ್ವವನ್ನು ಮೆರೆದು, ತೋಳಿನ ಬಲದಿಂದಲೂ ಬಂಧುಗಳ ಸೇನೆಯಿಂದಲೂ ಗೆದ್ದನು. ನಾಯಿಯಿಂದ ಬಂದ ಶಕ್ತಿಯು ಕೊಲೆಗೆ ಒದಗಲಿಲ್ಲ. ಕರುಣೆಯಿಂದ ಪಡೆದುದನ್ನು ಕರುಣೆಯ ಕಾರ್ಯಕ್ಕೇ ಸಲ್ಲಿಸಬೇಕೆಂಬುದು ಉತ್ತರಾರ್ಧದ ನೀತಿಯಲ್ಲಿಲ್ಲ, ಪೂರ್ವಾರ್ಧದ ಕಥೆಯಲ್ಲಿದೆ.

೬

ಈ ಅಭಿಪ್ರಾಯಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದನೆಯದು: ರೂಪಪರಿವರ್ತನದ ಮಂತ್ರದಿಂದ ಜೀವಂಧರನು ಮುದುಕನ ವೇಷವನ್ನು ಧರಿಸಿ ಸುರಮಂಜರಿಯ ಅಂತಃಪುರವನ್ನು ಹೊಕ್ಕು, ಗಾನಮಂತ್ರದಿಂದ ಅವಳ ಮನಸ್ಸನ್ನು ಸೆಳೆದನಲ್ಲವೆ? ಅದು ಕರುಣೆಯ ಕಾರ್ಯವೆ? ಅಲ್ಲ, ವಿನೋದ. ಜೀವಂಧರನನ್ನುಳಿದು ಅನ್ಯಪುರುಷನನ್ನು ಕಣ್ಣೆತ್ತಿ ನೋಡೆನೆಂದು ಹಟಹಿಡಿದವಳು ಆಕೆಯೇ ಆದುದರಿಂದ, ಆಕೆಯ ಇಚ್ಛೆಗೆ ವಿರೋಧವಾದುದೇನೂ ನಡೆಯಲಿಲ್ಲವೆಂದು ಸಮಾಧಾನ ಹೇಳಬಹುದು. ಆದರೂ ವಂಚನೆಯು ವಂಚನೆಯೇ. ಈ ಅಂಶದಲ್ಲಿ ನನ್ನ ವಾದವು ಪೂರ್ಣವಾಗಿ ನಿಲ್ಲುವುದಿಲ್ಲವೆಂದು ಒಪ್ಪುವೆನು. ಆದರೆ ಅಲ್ಲಿಯೂ ಮಂತ್ರವು ಯಾರ ಪ್ರಾಣವನ್ನೂ ರಾಜ್ಯವನ್ನೂ ಅಪಹರಿಸಲಿಲ್ಲ.

ಎರಡನೆಯದು: ತಮಿಳಿನಲ್ಲಿ "ಮದುವೆಗಳ ಗ್ರಂಥ"ವೆಂದೇ ಹೆಸರಾದ ಈ ಕಥೆಯನ್ನು ಬಾಲಕರ ಕಥೆಯೆಂದು ಹೇಗೆ ಹೇಳುವುದು? ಶೃಂಗಾರವು ಕಾವ್ಯಗಳಲ್ಲಿ ಹೇರಳವಾಗಿದೆಯೆಂಬುದು ನಿಜ. ತಿರುತ್ತಕ್ಕದೇವನಲ್ಲಿಯಂತೂ ಅದು ಉಕ್ಕಿ ಹರಿಯುವುದು. ಆದರೆ ವಾದೀಭಸಿಂಹನು ಇದೇ ಕಥೆಯನ್ನು ಎರಡು ಬಾರಿ ಬರೆದುದನ್ನು ಮರೆಯಬಾರದು. ಪ್ರೌಢರಿಗಾಗಿ ಬಾಣಭಟ್ಟನ ಶೈಲಿಯಲ್ಲಿ ಗದ್ಯಚಿಂತಾಮಣಿಯನ್ನು ಬರೆದ ಕವಿಯು, ಸುಲಭವಾದ ಅನುಷ್ಟುಪ್ಪಿನಲ್ಲಿ, ಶ್ಲೋಕಕ್ಕೊಂದು ನೀತಿಯಂತೆ ಕ್ಷತ್ರಚೂಡಾಮಣಿಯನ್ನು ಬರೆದುದು ಕಲಿಯುವ ವಯಸ್ಸಿನವರಿಗಾಗಿಯಲ್ಲದೆ ಮತ್ತಾರಿಗಾಗಿ? ಅದ್ಭುತವನ್ನೂ ನೀತಿಯನ್ನೂ ಒಂದೇ ಶ್ಲೋಕದ ಎರಡು ಅರ್ಧಗಳಲ್ಲಿ ಕಟ್ಟಿದ ಆ ಗುರುವಿನಿಂದ ನಾವು ಒಂದರ್ಧವನ್ನು ಮಾತ್ರ ಕಲಿತುದು ಅವನ ತಪ್ಪಲ್ಲ.

೭

ಕಡೆಯ ಪ್ರಸಂಗವನ್ನು ಹೇಳಿ ಮುಗಿಸುವೆನು. ರಾಜನಾಗಿ ಬಹುಕಾಲ ಆಳಿದ ಮೇಲೆ ಜೀವಂಧರನು ಒಂದು ದಿನ ಉದ್ಯಾನದಲ್ಲಿ ಕಪಿಗಳನ್ನು ನೋಡುತ್ತಿದ್ದನು. ಮುನಿದ ಹೆಣ್ಣುಕೋತಿಯನ್ನು ಒಲಿಸಿಕೊಂಡ ಗಂಡುಕೋತಿಯು ಅದಕ್ಕೆ ಒಂದು ಹಲಸಿನ ಹಣ್ಣನ್ನು ತಂದುಕೊಟ್ಟಿತು. ಅಷ್ಟರಲ್ಲಿ ತೋಟದ ಕಾವಲುಗಾರನು ಬಂದು ಅವುಗಳನ್ನು ಬೆದರಿಸಿ ಹಣ್ಣನ್ನು ಕಿತ್ತುಕೊಂಡನು. ಇದನ್ನು ಕಂಡ ಅರಸನಿಗೆ ಹೊಳೆದುದೇನು? ಆ ಕಪಿಯು ಕಾಷ್ಠಾಂಗಾರನಂತೆ, ಹಣ್ಣು ರಾಜ್ಯದಂತೆ, ಕಿತ್ತುಕೊಂಡ ಕಾವಲುಗಾರನು ತನ್ನಂತೆ! ತನ್ನ ತಂದೆಯನ್ನು ಕೊಂದವನನ್ನು ಹಣ್ಣು ಕಳೆದುಕೊಂಡ ಬಡಪ್ರಾಣಿಯಲ್ಲಿಯೂ, ನ್ಯಾಯವಾಗಿ ರಾಜ್ಯವನ್ನು ಮರಳಿ ಪಡೆದ ತನ್ನನ್ನು ಅಪಹಾರಿಯಲ್ಲಿಯೂ ಕಂಡ ನಾಯಕನನ್ನು ನಾನು ಮತ್ತೊಂದು ಕಾವ್ಯದಲ್ಲಿ ನೋಡಿಲ್ಲ. ಒಂದು ವರ್ಷದ ಸೈರಣೆಯಾಗಿ ಗುರುವು ಬಿತ್ತಿದ ಬೀಜವು ಇಲ್ಲಿ ಫಲಿಸಿತು. ಅವನು ರಾಜ್ಯವನ್ನು ಮಗನಿಗೊಪ್ಪಿಸಿ ಹೊರಟುಹೋದನು.

ಇದನ್ನೆಲ್ಲ ಹುಡುಗನಿಗೆ ವಿವರಿಸಿದಾಗ ಅವನು, "ಹ್ಯಾರಿಯೂ ಹಾಗೆಯೇ, ದೊಡ್ಡಪ್ಪ. ಎಲ್ಲಕ್ಕಿಂತ ಬಲವಾದ ಮಂತ್ರದಂಡವು ಕೈಗೆ ಬಂದರೂ ತನಗೆ ಬೇಡವೆಂದು ಬಿಟ್ಟುಬಿಡುತ್ತಾನೆ" ಎಂದನು. ವಿಚಾರಿಸಿ ನೋಡಿದೆನು. ಏಳನೆಯ ಸಂಪುಟದ ಅಂತ್ಯದಲ್ಲಿ ಅದು ಹಾಗೆಯೇ ಇರುವುದು. ಆ ಲೇಖಿಕೆಯು ನಮ್ಮ ಕಥೆಯಿಂದ ಪಡೆದಳೆಂದು ಹೇಳಲು ಯಾವ ಪ್ರಮಾಣವೂ ಇಲ್ಲ, ಹೇಳುವ ಅವಶ್ಯಕತೆಯೂ ಇಲ್ಲ. ಅನಾಥಬಾಲಕನ ಕೈಗೆ ಶಕ್ತಿಯನ್ನು ಕೊಡುವ ಕಥೆಗಾರನು, ಅದನ್ನು ಇಳಿಸುವ ಬಗೆಯನ್ನೂ ಯೋಚಿಸಲೇಬೇಕಾಗುವುದೆಂದು ಮಾತ್ರ ಇದರಿಂದ ತಿಳಿಯುವುದು. ಅಲ್ಲಿಯ ಬಾಲಕನು ದಂಡವನ್ನು ಬಿಡುವಾಗ ಶತ್ರುವು ಶತ್ರುವಾಗಿಯೇ ಉಳಿದಿರುವನು. ಇಲ್ಲಿಯ ನಾಯಕನು ಶತ್ರುವಿನ ಸ್ಥಾನದಲ್ಲಿ ನಿಂತು ತನ್ನನ್ನು ನೋಡಿಕೊಂಡ ಮೇಲೆ ರಾಜ್ಯವನ್ನು ಬಿಡುವನು. ಭೇದವು ಇಷ್ಟೇ, ಆದರೆ ಇದು ಸ್ವಲ್ಪವಲ್ಲ.

ಭಾಸ್ಕರನ ಷಟ್ಪದಿಯನ್ನೂ ಬೊಮ್ಮರಸನ ಸಾಂಗತ್ಯವನ್ನೂ ಈ ದೃಷ್ಟಿಯಿಂದ ಮೂಲದೊಡನೆ ಹೋಲಿಸಿ, ಕನ್ನಡಕವಿಗಳು ಈ ಮೂರು ಮಂತ್ರಗಳನ್ನು ಹೇಗೆ ಉಳಿಸಿಕೊಂಡರೆಂಬುದನ್ನು ವಿಚಾರಿಸುವುದು ತರುಣವಿದ್ವಾಂಸರಿಗೆ ಯೋಗ್ಯವಾದ ಕಾರ್ಯ. ಹುಡುಗನು ಈಗ ಕ್ಷತ್ರಚೂಡಾಮಣಿಯನ್ನು ನನ್ನ ಬಳಿಯಲ್ಲಿ ಪಾಠಹೇಳಿಸಿಕೊಳ್ಳುತ್ತಿರುವನು. ಎರಡು ಅರ್ಧಗಳನ್ನೂ ಹೇಳಿಕೊಡುತ್ತಿರುವೆನು.